ಕೆ.ಬಿ. ಕ್ರಾಸ್‌ನ ಕಲ್ಲುಗಳಿಗೂ ಸರ್ವೆ ನಂಬರ್ ಬೇಕು

ತುಮಕೂರಿನಿಂದ ಶಿವಮೊಗ್ಗದ ಕಡೆ ಹೋಗುವವರಿಗೂ, ಹುಳಿಯಾರಿನಿಂದ ಮಾಯಸಂದ್ರದ ಕಡೆ ಇಳಿಯುವವರಿಗೂ ಕೆ.ಬಿ. ಕ್ರಾಸ್ ಅಂದರೆ ಬಸ್ಸು ಬದಲಾಯಿಸುವ ಜಾಗ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಜನ ಮದುವೆಗೋ ಆಸ್ಪತ್ರೆಗೋ ಕೊಬ್ಬರಿ ಹರಾಜಿಗೋ ಹೊರಟಾಗ ಅಲ್ಲಿ ಇಳಿದು, ಕಾಫಿ ಕುಡಿದು, ಮುಂದಿನ ಬಸ್ಸಿಗೆ ಕಾಯುತ್ತಾರೆ. ಆ ಕೆ.ಬಿ. ಎಂದರೆ ಕಿಬ್ಬನಹಳ್ಳಿ. ಕರ್ನಾಟಕದ ಶಿಲಾಯುಗವನ್ನು ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಪುರಾತತ್ವಜ್ಞ ಎಂ. ಶೇಷಾದ್ರಿ ಅವರು ಕಿಬ್ಬನಹಳ್ಳಿಯಲ್ಲಿ ಸಿಕ್ಕ ಹಳೆ ಶಿಲಾಯುಗದ ಉಪಕರಣಗಳ ಮೇಲೆ 1955ರಲ್ಲಿ ಪ್ರಬಂಧ ಪ್ರಕಟಿಸಿದರು. ಅದು ಅಚ್ಚಾದದ್ದು ಸ್ವಿಟ್ಜರ್ಲೆಂಡಿನಿಂದ ಹೊರಡುತ್ತಿದ್ದ ‘ಆರ್ಟಿಬಸ್ ಏಷಿಯೆ’ ಎಂಬ ಪತ್ರಿಕೆಯಲ್ಲಿ. ಮರುವರ್ಷ ಲಂಡನ್ನಿನಲ್ಲಿ, ಮೈಸೂರು ಸೀಮೆಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಅವರ ಪುಸ್ತಕವೂ ಬಂತು. ಟಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದು ತೋರಿಸಿದವರೂ ಇವರೇ.

ಹೀಗೆ ಸ್ವಿಟ್ಜರ್ಲೆಂಡಿಗೂ ಲಂಡನ್ನಿಗೂ ತಲುಪಿದ ಕಿಬ್ಬನಹಳ್ಳಿ, ಕಿಬ್ಬನಹಳ್ಳಿಯ ಮಕ್ಕಳಿಗೆ ತಲುಪಿಲ್ಲ. ಕ್ರಾಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗರನ್ನು ಕೇಳಿ ನೋಡಿದ್ದೇನೆ. ಹರಪ್ಪ ಗೊತ್ತು, ಮೊಹೆಂಜೊದಾರೊ ಗೊತ್ತು. ತಾವು ನಿಂತ ನೆಲದ ವಿಚಾರ ಯಾರೂ ಅವರಿಗೆ ಹೇಳಿಲ್ಲ.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತನಾದವನು. ನೌಕರಿಯ ಹೆಚ್ಚು ಕಾಲ ಕಳೆದದ್ದು ಈ ಮೂರು ತಾಲ್ಲೂಕುಗಳಲ್ಲೇ. ಸರ್ವೆಯರ್ ನಡೆಯುವುದು ತಲೆ ಬಗ್ಗಿಸಿಕೊಂಡು. ಬೇಲಿಯೊಳಗೆ, ಬದುವಿನ ಮೇಲೆ, ಲಂಟಾನ ಪೊದೆಯ ಬುಡದಲ್ಲಿ ಬಾಂದುಕಲ್ಲು ಹುಡುಕುವುದೇ ಅರ್ಧ ಕೆಲಸ. ಹಾಗೆ ಹುಡುಕುವ ಕಣ್ಣಿಗೆ ಬಾಂದುಕಲ್ಲಲ್ಲದ ಕಲ್ಲುಗಳೂ ಬೀಳುತ್ತವೆ. ಅಂಗೈ ತುಂಬುವಷ್ಟು ದೊಡ್ಡದು, ಒಂದು ತುದಿ ಚೂಪು, ಇನ್ನೊಂದು ತುದಿ ಹಿಡಿಯಲು ದುಂಡಗೆ, ಎರಡೂ ಮುಖದಲ್ಲಿ ಚಕ್ಕೆ ಎದ್ದ ಗುರುತು. ಇಂಥದ್ದನ್ನು ಕೈಗೊಡಲಿ ಎನ್ನುತ್ತಾರೆ ಎಂದು ನನಗೆ ತೋರಿಸಿಕೊಟ್ಟವರು ಕ್ಷೇತ್ರಕಾರ್ಯಕ್ಕೆ ಬಂದಿದ್ದ ಒಬ್ಬ ಸಂಶೋಧಕರು. ಅವತ್ತಿನಿಂದ ನಾನು ನೆಲ ನೋಡುವ ಬಗೆಯೇ ಬೇರೆಯಾಯಿತು.

ಗುರುತು ಹಿಡಿಯುವುದು ಕಷ್ಟವಲ್ಲ. ತಾನಾಗಿ ಒಡೆದ ಕಲ್ಲಿಗೆ ಕ್ರಮವಿರುವುದಿಲ್ಲ, ಹೇಗೋ ಸೀಳಿರುತ್ತದೆ. ಮನುಷ್ಯ ಹೊಡೆದ ಕಲ್ಲಿನಲ್ಲಿ ಚಕ್ಕೆ ಎದ್ದ ಜಾಗಗಳು ಚಿಪ್ಪಿನ ಒಳಮೈಯಂತೆ ತುಸು ತಗ್ಗಾಗಿರುತ್ತವೆ. ಅವು ಒಂದರ ಪಕ್ಕ ಒಂದು ಬಂದು, ಎರಡೂ ಕಡೆಯಿಂದ ಒಂದೇ ಅಂಚಿಗೆ ಸೇರುತ್ತವೆ. ಜೆಸಿಬಿ ಹಲ್ಲಿಗೆ ಸಿಕ್ಕಿ ನಿನ್ನೆ ಒಡೆದ ಕಲ್ಲಿನ ಒಳಮೈ ಹೊಸದಾಗಿ ಹೊಳೆಯುತ್ತದೆ, ಹಳೆಯ ಉಪಕರಣದ ಚಕ್ಕೆ ಗುರುತುಗಳು ಉಳಿದ ಮೈಯಂತೆಯೇ ಬಣ್ಣಗೆಟ್ಟಿರುತ್ತವೆ. ಇಲ್ಲಿಯ ಆದಿಮಾನವರು ಇದಕ್ಕೆ ಆರಿಸಿಕೊಂಡದ್ದು ಕ್ವಾರ್ಟ್ಜೈಟ್ ಎಂಬ ಗಡುಸು ಶಿಲೆಯನ್ನು. ಕೆ.ಬಿ. ಕ್ರಾಸಿನ ಉತ್ತರಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ಚಾಚಿರುವ ಬೆಟ್ಟಸಾಲು 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳದ್ದು. ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಗುವುದೂ ಅಲ್ಲಿಯೇ. ಬೆಟ್ಟದ ಬುಡಕ್ಕೆ ಉರುಳಿ ಬಿದ್ದ ಗಡುಸು ಕಲ್ಲು ಬೇಕಾದಷ್ಟು. ಸಾಲಿನ ಉತ್ತರಕ್ಕೆ ಬಿದ್ದ ಮಳೆ ಸುವರ್ಣಮುಖಿ ಹಿಡಿದು ಬೋರನಕಣಿವೆ ದಾಟಿ ವೇದಾವತಿಗೆ, ಅಲ್ಲಿಂದ ಕೃಷ್ಣೆಯ ಕಡೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಶಿಂಷೆ ಸೇರಿ ಕಾವೇರಿಗೆ. ಎರಡು ಕಡೆಗೂ ಹಳ್ಳಗಳು ಹುಟ್ಟುವ ಏರುನೆಲ, ಕೈಗೆಟುಕುವ ಗಟ್ಟಿ ಕಲ್ಲು, ನೀರಿಗೆ ಬರುವ ಮೃಗಗಳು. ಬೇಟೆಯಾಡಿ, ಗೆಡ್ಡೆಗೆಣಸು ಕಿತ್ತು ಬದುಕುತ್ತಿದ್ದವರು ಈ ಜಾಗ ಹಿಡಿದದ್ದು ಸುಮ್ಮನೆ ಅಲ್ಲ.

ಎಷ್ಟು ಹಿಂದೆ ಎಂದು ಎಲ್ಲರೂ ಕೇಳುತ್ತಾರೆ. ಇದೇ ಬಗೆಯ, ಅಂದರೆ ಪುರಾತತ್ವದವರು ಅಶ್ಯೂಲಿಯನ್ ಎಂದು ಕರೆಯುವ ಕೈಗೊಡಲಿ ಮುಂತಾದ ಉಪಕರಣಗಳು ನಮ್ಮ ರಾಜ್ಯದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ವರ್ಷಗಟ್ಟಲೆ ದುಡಿದು, ಆದಿಮಾನವರು ಸುಣ್ಣಕಲ್ಲು ಎಬ್ಬಿಸಿ ಉಪಕರಣ ಮಾಡುತ್ತಿದ್ದ ಜಾಗವನ್ನೇ ತೆರೆದು ತೋರಿಸಿದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಅವರ ತಂಡ 2011ರಲ್ಲಿ ಪ್ರಕಟಿಸಿದ ಕಾಲ ಸುಮಾರು 15 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್, ಹುಟ್ಟಿ ಸುಮಾರು 3 ಲಕ್ಷ ವರ್ಷ ಎಂದು ಮೊರಾಕೊದಲ್ಲಿ ಸಿಕ್ಕ ಎಲುಬುಗಳು ಹೇಳುತ್ತವೆ. ಹಾಗಾದರೆ ಇಸಾಂಪುರದಲ್ಲಿ ಕೂತು ಕಲ್ಲು ಕೆತ್ತಿದವರು ನಮಗಿಂತ ಮೊದಲು ಬದುಕಿ ಹೋದ ಬೇರೆ ಬಗೆಯ ಮನುಷ್ಯರು. ಅವರ ಎಲುಬು ಸಿಗುವುದು ಬಲು ಅಪರೂಪ. ಭಾರತದಲ್ಲಿ ಅಂಥ ಹಳೆಯ ಬಗೆಯ ಮನುಷ್ಯನ ತಲೆಬುರುಡೆ ಎಂದು ಹೆಸರಾಗಿರುವುದು 1982ರಲ್ಲಿ ನರ್ಮದಾ ದಂಡೆಯ ಹತ್ನೋರಾದಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿದ್ದು. ನಮ್ಮ ಕೆಂಪು ಗರಸು ಮಣ್ಣಿನಲ್ಲಿ ಎಲುಬು ಉಳಿಯುವುದಿಲ್ಲ, ಕರಗಿಹೋಗುತ್ತದೆ. ಅವರು ಬಿಟ್ಟುಹೋದ ಆಸ್ತಿ ಎಂದರೆ ಈ ಕಲ್ಲುಗಳೇ.

ಆ ಆಸ್ತಿಯ ಮೇಲೆ ಈಗ ನಮ್ಮ ತೆಂಗು ನಿಂತಿದೆ. ನಮ್ಮ ಕಡೆ ಹಳಬರು ಗುಂಟೆಗೊಂದು ಮರ ಎಂದು ಲೆಕ್ಕ ಹೇಳುತ್ತಾರೆ. ಸರ್ವೆ ಸರಪಳಿಯ ಉದ್ದ 33 ಅಡಿ. 33ಕ್ಕೆ 33 ಅಡಿ ಎಂದರೆ ಒಂದು ಗುಂಟೆ. ಎಕರೆಗೆ 40 ಗುಂಟೆ, 40 ಮರ. ಒಂದೊಂದು ಸಸಿಗೂ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಣಿ. ಪುರಾತತ್ವದವರು ಒಂದು ಊರಿನ ನೆಲದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಮೊದಲು ಅಲ್ಲಲ್ಲಿ ಪರೀಕ್ಷೆಯ ಗುಂಡಿ ತೆಗೆಯುತ್ತಾರೆ. ಅದಕ್ಕೆ ಅನುಮತಿ ಬೇಕು, ಹಣ ಬೇಕು, ಕೂಲಿ ಬೇಕು. ಒಂದು ಹಂಗಾಮಿನಲ್ಲಿ ಹತ್ತು ಗುಂಡಿ ತೆಗೆದರೆ ದೊಡ್ಡ ಮಾತು. ನಮ್ಮ ರೈತ ಪ್ರತಿ ಎಕರೆಗೂ 40 ಗುಂಡಿ ತನ್ನ ಖರ್ಚಿನಲ್ಲೇ, ಸಾಲಾಗಿ, ಸಮ ಅಂತರದಲ್ಲಿ ತೆಗೆಯುತ್ತಿದ್ದಾನೆ. ನುಸಿ ಪೀಡೆ, ಬರ, ಕಾಂಡ ಸೋರುವ ರೋಗಕ್ಕೆ ಹಳೆ ತೋಟಗಳು ಹೋದ ಕಡೆಯೆಲ್ಲ ಹೊಸ ಗುಣಿಗಳು ಬಿದ್ದಿವೆ. ಈ ಮೂರು ತಾಲ್ಲೂಕಿನಷ್ಟು ಒತ್ತಾಗಿ ಗುಂಡಿ ತೋಡಿದ ನೆಲ ಪುರಾತತ್ವದ ದೃಷ್ಟಿಯಿಂದ ಬೇರೆಲ್ಲಿ ಸಿಕ್ಕೀತು? ಗುಣಿಯಿಂದ ಎದ್ದ ಮಣ್ಣನ್ನು ಗೊಬ್ಬರ ಬೆರೆಸಿ ಮತ್ತೆ ತುಂಬುವ ಮೊದಲು ಒಂದು ಗಳಿಗೆ ಅದರ ಕಡೆ ನೋಡುವವರು ಬೇಕು, ಅಷ್ಟೆ.

ಗುಣಿಯಿಂದ ಅಪಾಯವೂ ಕಡಿಮೆ. ಗುಣಿ ಅಗೆದ ಜಾಗದ ಸುತ್ತ ನೆಲ ಹಾಗೇ ಉಳಿಯುತ್ತದೆ. ಅಪಾಯ ಬಂದಿರುವುದು ಇಡೀ ಹೊಲವನ್ನು ಮಟ್ಟ ಮಾಡುವ ಯಂತ್ರದಿಂದ. ಏರಿನ ಮೇಲಿದ್ದ ಗರಸನ್ನು ಕೆರೆದು ತಗ್ಗಿಗೆ ತಳ್ಳುತ್ತಾರೆ, ಲೋಡುಗಟ್ಟಲೆ ರಸ್ತೆಗೆ ಹೊಡೆಯುತ್ತಾರೆ. ಕಲ್ಲು ಕಳೆದುಹೋಯಿತು ಎಂಬುದು ಅದರಲ್ಲಿ ಚಿಕ್ಕ ನಷ್ಟ. ಕಾಲ ಕಳೆದುಹೋಗುತ್ತದೆ, ಅದು ದೊಡ್ಡದು. ಹೇಗೆಂದರೆ, ಮಣ್ಣಿನಲ್ಲಿರುವ ಮರಳಿನ ಕಣಗಳು ಹೂತುಹೋದ ಮೇಲೆ ಸುತ್ತಲಿನ ನೆಲದಿಂದ ಬರುವ ಅಲ್ಪ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಬಿಸಿಲು ತಾಗಿದರೆ ಆ ಶಕ್ತಿಯೆಲ್ಲ ಖಾಲಿ. ಕತ್ತಲಲ್ಲಿ ತೆಗೆದ ಮಣ್ಣನ್ನು ಪ್ರಯೋಗಾಲಯದಲ್ಲಿ ಬೆಳಕಿಗೆ ಒಡ್ಡಿ, ಎಷ್ಟು ಶಕ್ತಿ ಹೊರಬರುತ್ತದೆ ಎಂದು ಅಳೆದರೆ ಅದು ಕೊನೆಯ ಸಲ ಬಿಸಿಲು ಕಂಡು ಎಷ್ಟು ಸಾವಿರ ವರ್ಷವಾಯಿತು ಎಂದು ಗೊತ್ತಾಗುತ್ತದೆ. ಅತ್ತಿರಂಪಾಕ್ಕಂನಲ್ಲಿ ಮಧ್ಯ ಹಳೆ ಶಿಲಾಯುಗದ ಉಪಕರಣಗಳಿಗೆ 3,85,000 ವರ್ಷ ಎಂದು 2018ರಲ್ಲಿ ಹೇಳಿದ್ದು ಈ ವಿಧಾನದಿಂದಲೇ. ಬುಲ್ಡೋಜರು ಅರ್ಧ ದಿನದಲ್ಲಿ ಹೊರಳಿಸಿ ಹರಡಿದ ಮಣ್ಣಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆಮೇಲೆ ಎಂಥ ವಿಜ್ಞಾನಿ ಬಂದರೂ ಆ ಕಲ್ಲಿನ ವಯಸ್ಸು ಹೇಳಲಾರ.

ಹೇಮಾವತಿ ನಾಲೆ ನಮ್ಮ ಸೀಮೆಗೆ ನೀರು ತಂದಿದೆ, ಅದಕ್ಕೆ ನಾವು ಋಣಿಗಳು. ಕೆ.ಬಿ. ಕ್ರಾಸಿನ ಹೆದ್ದಾರಿ ಅಗಲವಾಗಿದೆ, ಅದೂ ಬೇಕಾದದ್ದೇ. ನಾಲೆಗೆ, ರಸ್ತೆಗೆ ಏರು ಕತ್ತರಿಸಿದ ಕಡೆಗಳಲ್ಲಿ ಹತ್ತು ಹದಿನೈದು ಅಡಿ ಆಳದವರೆಗೆ ಮಣ್ಣಿನ ಪದರಗಳು ಪುಸ್ತಕ ಬಿಚ್ಚಿದ ಹಾಗೆ ಕಾಣುತ್ತಿದ್ದವು. ಎಷ್ಟೋ ಕಡೆ ಆ ಗೋಡೆಗಳ ಮೇಲೆ ಈಗ ಸಿಮೆಂಟು ಬಿದ್ದಿದೆ. ಇಸಾಂಪುರ ಬೆಳಕಿಗೆ ಬಂದದ್ದೇ ನೀರಾವರಿ ಕೆಲಸಕ್ಕೆಂದು ಮೇಲ್ಮಣ್ಣು ತೆಗೆದಾಗ. ಅಲ್ಲಿ ಬಗ್ಗಿ ನೋಡುವ ಕಣ್ಣೊಂದು ಸಮಯಕ್ಕೆ ಸರಿಯಾಗಿ ಇತ್ತು. ಚಿಕ್ಕನಾಯಕನಹಳ್ಳಿಯ ಗಣಿಗಳ ವಿಚಾರವೂ ಹೀಗೇ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತ್ತು. ಆಗ ಕಾಡಿನ ಮಾತು ಬಂತು, ನೀರಿನ ಮಾತು ಬಂತು, ಗಡಿ ಒತ್ತುವರಿಯ ಮಾತು ಬಂತು. ಬೆಟ್ಟದ ಬುಡದ ಕಲ್ಲುಚೆಲ್ಲಿನಲ್ಲಿ ಮನುಷ್ಯನ ಕೈ ಗುರುತು ಇರಬಹುದು ಎಂಬ ಮಾತನ್ನೂ ಅದೇ ದನಿಯಲ್ಲಿ ಆಡಬೇಕಿತ್ತು. ನಾಲೆ, ರಸ್ತೆ, ಪೈಪ್‌ಲೈನ್, ಗಣಿ ಯಾವುದೇ ಇರಲಿ, ಯಂತ್ರ ಇಳಿಯುವ ಮೊದಲು ಪುರಾತತ್ವ ಬಲ್ಲವರೊಬ್ಬರು ಆ ಗೆರೆಯುದ್ದಕ್ಕೂ ನಡೆದು ಬರಬೇಕು ಎಂದು ಟೆಂಡರಿನಲ್ಲೇ ಬರೆಯಬೇಕು. ಅಂದಾಜು ಪಟ್ಟಿಯಲ್ಲಿ ಅದು ಒಂದು ಸಾಲಿನ ಖರ್ಚು.

ರೈತರ ವಿಚಾರ ಬೇರೆ. ಅವರು ಕಲ್ಲು ಕಂಡರೂ ಹೇಳುವುದಿಲ್ಲ, ಅದಕ್ಕೆ ಬಲವಾದ ಕಾರಣವಿದೆ. ತುರುವೇಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ಪೋಡಿ ಅಳತೆಗೆ ಹೋಗಿದ್ದೆ. ಬದುವಿನ ಮೇಲೆ ಒಪ್ಪವಾಗಿ ಇಟ್ಟಿದ್ದ ಕಲ್ಲುಗಳಲ್ಲಿ ಎರಡು ಕೈಗೊಡಲಿ ಇದ್ದವು. ಎಲ್ಲಿ ಸಿಕ್ಕಿತು ಎಂದು ಕೇಳಿ ಪುಸ್ತಕ ತೆಗೆದೆ. ಜಮೀನಿನ ಯಜಮಾನರು ನನ್ನ ಕೈ ಹಿಡಿದುಕೊಂಡರು. ‘ಸಾರ್, ಅದ್ನೆಲ್ಲಾ ಬರ್ಕಬ್ಯಾಡಿ. ಬರ್ಕಂಡ್ರೆ ನಾಳೆ ಪಹಣೀಲಿ ಕೂರ್ತೈತೆ. ಆಮೇಲೆ ಸಾಲಾನೂ ಹುಟ್ಟಲ್ಲ, ಭಾಗಾನೂ ಆಗಲ್ಲ’ ಎಂದರು. ಅವರ ಭಯ ಬರಿಯ ಭ್ರಮೆಯಲ್ಲ. ಪಹಣಿಯ ಕಾಲಂ 11ರಲ್ಲಿ, ಅಂದರೆ ಹಕ್ಕು ಮತ್ತು ಋಣಗಳ ಕಾಲಂನಲ್ಲಿ, ಒಂದು ಪದ ಬಿದ್ದರೆ ಅದನ್ನು ತೆಗೆಸಲು ತಾಲ್ಲೂಕು ಕಚೇರಿಗೆ ಎಷ್ಟು ತಿರುಗಬೇಕು ಎಂಬುದನ್ನು ಕಚೇರಿ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ನಾನು ನೋಡಿದ್ದೇನೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ ಎಂದು 2010ರಲ್ಲಿ ಕಾನೂನಿಗೆ ಸೇರಿಸಿದ ಮೇಲಂತೂ ಗುಡಿ ಪಕ್ಕದ ಮನೆಯವರ ಪಾಡು ಎಲ್ಲರ ಕಣ್ಣೆದುರಿಗಿದೆ. ಆ ನಿಯಮ ಸಂರಕ್ಷಿತ ಸ್ಮಾರಕಕ್ಕೆ ಮಾತ್ರ. ಹೊಲದಲ್ಲಿ ಬಿಡಿಯಾಗಿ ಸಿಕ್ಕ ಕಲ್ಲಿಗೆ ಅಲ್ಲ. ಆದರೆ ಇದನ್ನು ರೈತನಿಗೆ ಬಾಯಿಬಿಟ್ಟು ಹೇಳುವವರು ಯಾರು?

ನಾನು ಹೇಳಬೇಕೆಂದಿರುವುದು ಇಷ್ಟೇ: ಜಾಗವನ್ನು ಬರೆದಿಡಿ, ಜಮೀನನ್ನು ಮುಟ್ಟಬೇಡಿ. ಕಲ್ಲಿನ ವಿವರ ಯಾರ ಪಹಣಿಯಲ್ಲೂ ಬರಕೂಡದು. ಗ್ರಾಮ ಪಂಚಾಯಿತಿಯಲ್ಲಿ ಬೇರೆಯೇ ಒಂದು ವಹಿ ಇರಲಿ, ಜೊತೆಗೆ ಗ್ರಾಮ ನಕ್ಷೆಯ ಒಂದು ಪ್ರತಿ ಇರಲಿ. ಕಲ್ಲು ಸಿಕ್ಕ ಸರ್ವೆ ನಂಬರ್, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ಬಾಂದುಕಲ್ಲಿನಿಂದ ಯಾವ ದಿಕ್ಕಿಗೆ ಎಷ್ಟು ಅಳತೆ, ಒಂದು ಫೋಟೊ. ಇಷ್ಟಾದರೆ ಆ ಕಲ್ಲಿಗೆ ವಿಳಾಸ ಬಂತು. ಬಿಡಿ ಉಪಕರಣ ಸಿಕ್ಕ ಮಾತ್ರಕ್ಕೆ ಜಮೀನಿನ ಸಾಲ, ಮಾರಾಟ, ವಿಭಾಗ, ಬೇಸಾಯ ಯಾವುದಕ್ಕೂ ಅಡ್ಡಿಯಿಲ್ಲ ಎಂದು ಕಂದಾಯ ಇಲಾಖೆ, ಪುರಾತತ್ವ ಇಲಾಖೆ ಎರಡೂ ಸೇರಿ ಒಂದು ಸುತ್ತೋಲೆ ಹೊರಡಿಸಲಿ. ಅದನ್ನು ಚಾವಡಿಯ ಗೋಡೆಗೆ ಅಂಟಿಸಲಿ. ಮಣ್ಣಿನ ಪದರ ಕೆಡದೆ ಉಳಿದಿರುವ, ನಿಜವಾಗಿ ಕಾಯಬೇಕಾದ ತುಂಡು ನೆಲಗಳು ಕೆಲವೇ ಇರುತ್ತವೆ. ಅವು ಗೋಮಾಳದಲ್ಲಿ, ಖರಾಬಿನಲ್ಲಿ ಇದ್ದರೆ ಬೇಲಿ ಹಾಕುವುದು ಸರ್ಕಾರಕ್ಕೆ ಕಷ್ಟವಲ್ಲ. ಖಾಸಗಿ ಹಿಡುವಳಿಯಲ್ಲಿದ್ದರೆ ತೆಂಗಿನ ಮರ ಸಮೇತ ಬೆಲೆ ಕಟ್ಟಿ ಕೊಂಡುಕೊಳ್ಳಲಿ.

ವಿಳಾಸ ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು. ತಾಲ್ಲೂಕು, ಊರು, ಅಲ್ಲಿ ಗುಡಿಯ ಮುಂದೋ ಕೆರೆ ಏರಿಯ ಮೇಲೋ ಯಾರ ಹೊಲದಲ್ಲೋ, ಹೀಗೆ ಒಂದೊಂದು ಶಾಸನಕ್ಕೂ ಜಾಗ, ನಂಬರ್, ಪಾಠ. ಅಲ್ಲಿಂದೀಚೆಗೆ ಎಷ್ಟು ಶಾಸನಗಲ್ಲುಗಳು ಮೆಟ್ಟಿಲಾದವು, ಮೋರಿಯ ಚಪ್ಪಡಿಯಾದವು, ನಿಧಿಗಳ್ಳರ ಹಾರೆಗೆ ಚೂರಾದವು. ಕಲ್ಲು ಹೋದರೂ ಮಾತು ಉಳಿಯಿತು, ಏಕೆಂದರೆ ಅದನ್ನು ಜಾಗದ ಸಮೇತ ಬರೆದಿಟ್ಟಿದ್ದರು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ಕೆತ್ತಿದ್ದು 9ನೇ ಶತಮಾನದಲ್ಲಿ. ತುರುವೇಕೆರೆಯ, ನಾಗಲಾಪುರದ ಗುಡಿಗಳು ಹೊಯ್ಸಳರ ಕಾಲದವು. ಇವನ್ನು ಕಾಯಬೇಕು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗುಡಿಗೆ ಗೋಪುರವಿದೆ, ಪೂಜೆಯಿದೆ. ಕೈಗೊಡಲಿಗೆ ಅದೇನೂ ಇಲ್ಲ, ಅದಕ್ಕಿರುವುದು ಸಿಕ್ಕ ಜಾಗ ಒಂದೇ. ಎತ್ತಿ ತಂದು ಷೋಕೇಸಿನಲ್ಲಿಟ್ಟು, ಎಲ್ಲಿಂದ ತಂದದ್ದು ಎಂಬುದು ಮರೆತುಹೋದರೆ ಅದು ಮತ್ತೆ ಬರಿ ಕಲ್ಲು.

ಹೊರದೇಶದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಒಂದು ಪದ್ಧತಿ ಇದೆ. ಹೊಲದಲ್ಲಿ, ಹಿತ್ತಿಲಲ್ಲಿ ಹಳೆಯದೇನಾದರೂ ಸಿಕ್ಕಿದರೆ ಆ ಭಾಗದ ಅಧಿಕಾರಿಗೆ ತೋರಿಸಿದರೆ ಸಾಕು. ಅವರು ಅಳತೆ, ಚಿತ್ರ, ಜಾಗ ದಾಖಲಿಸಿಕೊಂಡು ಸಾಮಾನ್ಯವಾಗಿ ವಸ್ತುವನ್ನು ಸಿಕ್ಕವರಿಗೇ ಮರಳಿಸುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ಜನರನ್ನು ನಂಬಿದ್ದರಿಂದ ಆದ ಕೆಲಸ ಅದು. ನಮ್ಮಲ್ಲಿ ಪುರಾತನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯ ಬಿಗಿ ಇದೆ, ಅದು ಇರಲೇಬೇಕು. ಕೈಗೊಡಲಿ ಮಾರುವ ವಸ್ತುವಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡಿದರೆ ಅಪರಾಧ. ಆದರೆ ತೋರಿಸಲು ಬಂದವನನ್ನು ಮೊದಲು ಕೂರಿಸಿ ಮಾತಾಡಿಸುವ ಒಬ್ಬ ಮನುಷ್ಯ ತಾಲ್ಲೂಕಿಗೆ ಬೇಕೇ ಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಸುತ್ತಲಿನ ಊರುಗಳ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಮೂರು ಆಯಾಮದ ಸ್ಕ್ಯಾನ್ ಮಾಡಿ, ಜಾಗದ ಸಮೇತ ದಾಖಲಿಸುತ್ತಿದ್ದಾರೆ. ಶಾಸನಕ್ಕೆ ಆಗುವ ಕೆಲಸ ಕೈಗೊಡಲಿಗೂ ಆಗುತ್ತದೆ.

ಹಳೆ ಶಿಲಾಯುಗವೊಂದೇ ಅಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ ಅಜ್ಜಿಯೊಬ್ಬರು ತುಳಸಿಕಟ್ಟೆಯ ಮೂಲೆಯಲ್ಲಿ ನುಣ್ಣಗೆ ಉಜ್ಜಿದ ಕಪ್ಪು ಕೊಡಲಿಗಲ್ಲೊಂದನ್ನು ಇಟ್ಟುಕೊಂಡಿದ್ದರು. ‘ಸಿಡ್ಲು ಹೊಡ್ದಾಗ ಬಿದ್ದಿದ್ದು ಕಣಪ್ಪ. ಇದಿದ್ರೆ ಮನೆಗೆ ಮತ್ತೆ ಸಿಡ್ಲು ಹೊಡಿಯಲ್ಲ’ ಎಂದರು. ಅದು ನವಶಿಲಾಯುಗದ ಕೊಡಲಿ, ದನ ಸಾಕಿ ಬೇಸಾಯಕ್ಕೆ ಕೈಹಾಕಿದವರದ್ದು. ಅಜ್ಜಿ ಅರಿಶಿನ ಕುಂಕುಮ ಹಚ್ಚಿ ಅದನ್ನು ಯಾವ ಮ್ಯೂಸಿಯಮ್ಮಿಗಿಂತ ಕಡಿಮೆಯಿಲ್ಲದಂತೆ ಕಾಪಾಡಿದ್ದರು. ಆ ಕಾಲದವರು ಏನು ಉಣ್ಣುತ್ತಿದ್ದರು ಎಂಬುದನ್ನು ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನೆಲೆಗಳ ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟ ಕಾಳುಗಳನ್ನು ಆರಿಸಿ ಕಂಡುಹಿಡಿದಿದ್ದಾರೆ. ಹುರುಳಿ, ಹೆಸರು, ಜೊತೆಗೆ ಕೊರಲೆ. ಸುಮಾರು 4,000 ವರ್ಷದ ಹಿಂದಿನ ಊಟ. ರಾಗಿ ಆಫ್ರಿಕಾದಿಂದ ಆಮೇಲೆ ಬಂದದ್ದು. ದೇಶದಲ್ಲಿ ಇನ್ನೆಲ್ಲೂ ಹೆಚ್ಚಾಗಿ ಕಾಣದ ಕೊರಲೆಯನ್ನು ನಮ್ಮ ತುಮಕೂರು ಜಿಲ್ಲೆಯ ಬೆದ್ದಲು ರೈತರು ಇವತ್ತಿಗೂ ಬಿತ್ತುತ್ತಾರೆ, ಹುಣಸೆ ಮರದ ನೆರಳಿದ್ದರೂ ಅದು ಬರುತ್ತದೆ. ಕೊರಲೆ ಅನ್ನ ಉಂಡವರಿಗೆ ಬಳ್ಳಾರಿ ಹತ್ತಿರದ ಆ ನವಶಿಲಾಯುಗದವರು ಪರಕೀಯರಲ್ಲ. ಇಷ್ಟು ಹಳೆಯ ಬೆಳೆ ಇನ್ನೂ ಬಿತ್ತನೆಯಲ್ಲಿರುವ ಸೀಮೆ ನಮ್ಮದು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಯಬೇಕು ಅನ್ನಿಸುತ್ತದೆ ನನಗೆ.

ತೆಂಗಿನ ಪೂರ್ವೇತಿಹಾಸವೂ ಅಷ್ಟೇ ಸ್ವಾರಸ್ಯದ್ದು. ಜಗತ್ತಿನಾದ್ಯಂತ 1,300ಕ್ಕೂ ಹೆಚ್ಚು ತೆಂಗಿನ ಮಾದರಿಗಳ ವಂಶವಾಹಿ ನೋಡಿ 2011ರಲ್ಲಿ ಬೀ ಗನ್, ಲುಕ್ ಬೋಡ್ವೆ, ಕೆನೆತ್ ಓಲ್ಸನ್ ಪ್ರಕಟಿಸಿದ ಅಧ್ಯಯನ, ಮನುಷ್ಯ ತೆಂಗನ್ನು ಒಗ್ಗಿಸಿಕೊಂಡದ್ದು ಎರಡು ಕಡೆ ಪ್ರತ್ಯೇಕವಾಗಿ ಎಂದು ಹೇಳಿತು. ಒಂದು ಆಗ್ನೇಯ ಏಷ್ಯಾದ ದ್ವೀಪಗಳು, ಇನ್ನೊಂದು ದಕ್ಷಿಣ ಭಾರತ ಮತ್ತು ಅದರ ಸುತ್ತಲಿನ ಕಡಲು. ನಮ್ಮ ತಿಪಟೂರು ಟಾಲ್ ತಳಿಯ ಹಿಂದೆಯೂ ಅಂಥ ಹಳೆಯ ಕಥೆಯಿದೆ. ಉಂಡೆ ಕೊಬ್ಬರಿಯ ಬೆಲೆ ಏರಿಳಿದಾಗ ಸದನದಲ್ಲಿ ದನಿಯೆತ್ತುವ ನಮ್ಮ ಜನಪ್ರತಿನಿಧಿಗಳು ತೆಂಗಿನ ಕೆಳಗಿನ ನೆಲಕ್ಕೂ ಒಂದು ಮಾತು ಎತ್ತಲಿ. ತಿಪಟೂರಿನಲ್ಲಿ ಮಾರುಕಟ್ಟೆಗೆ ಬರುವ ರೈತ ಮೂಟೆ ಇಳಿಸಿ ಹರಾಜಿಗೆ ಕಾಯುವ ಹೊತ್ತಿನಲ್ಲಿ ಹೊಕ್ಕು ನೋಡಬಹುದಾದ ಒಂದೇ ಒಂದು ಕೋಣೆ ಸಾಕು. ಕೈಗೊಡಲಿ, ಉಜ್ಜಿದ ಕೊಡಲಿ, ಕೊರಲೆ ತೆನೆ, ಗ್ರಾಮ ನಕ್ಷೆಗಳು, ಶೇಷಾದ್ರಿಯವರ ಪ್ರಬಂಧದ ಕನ್ನಡ ಅನುವಾದ. 1955ರಿಂದ ಇಂಗ್ಲಿಷಿನಲ್ಲೇ ಇರುವ ಆ ಪುಟಗಳನ್ನು ಕನ್ನಡಕ್ಕೆ ತಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ಇಡಲು ಎಷ್ಟು ಖರ್ಚಾದೀತು? ಕ್ರಾಸಿನಲ್ಲಿ ಹೋಟೆಲು, ಮೊಬೈಲು, ಗೊಬ್ಬರದ ಫಲಕಗಳ ನಡುವೆ ಕಿಬ್ಬನಹಳ್ಳಿಯ ಕಲ್ಲಿನ ಚಿತ್ರವಿರುವ ಫಲಕ ಒಂದು ನಿಲ್ಲಲಿ.

ಎಚ್ಚರಿಕೆಯ ಮಾತೊಂದಿದೆ. ಇದನ್ನು ಓದಿ ಯಾರೂ ಹಾರೆ ಹಿಡಿದು ಹುಡುಕಲು ಹೊರಡಬಾರದು. ನಿಧಿಯ ಆಸೆಗೆ ಹಾಳೂರುಗಳನ್ನು, ವೀರಗಲ್ಲುಗಳನ್ನು ಕೆಡವಿದವರಿಂದ ನಮ್ಮ ಸೀಮೆಗೆ ಆದ ನಷ್ಟ ಸಾಕು. ಕಂದಾಯ ದಾಖಲೆಯಲ್ಲಿ ಬೇಚರಾಕ್ ಎಂದು ಬರೆದ, ಜನವಸತಿ ಇಲ್ಲದ ಗ್ರಾಮಗಳು ಈ ತಾಲ್ಲೂಕುಗಳಲ್ಲಿವೆ. ಅವುಗಳ ಹಳೆ ಊರಿನ ದಿಬ್ಬದಲ್ಲಿ ಮಡಕೆ ಚೂರು, ಬೂದಿ, ಒರಳುಕಲ್ಲು ಕಾಣುತ್ತವೆ. ಅಲ್ಲಿ ಚಿನ್ನ ಹುಡುಕಿದವನಿಗೆ ಚಿನ್ನ ಸಿಗುವುದಿಲ್ಲ. ಅವನು ಕೆಡಿಸಿದ ಪದರ ಮತ್ತೆ ಯಾರಿಗೂ ಸಿಗುವುದಿಲ್ಲ. ಅಗೆಯುವುದು ಬಲ್ಲವರ ಕೆಲಸ. ನಮ್ಮ ಕೆಲಸ ನೋಡುವುದು, ಬರೆಯುವುದು, ತೋರಿಸುವುದು.

ಮುಂಗಾರಿಗೆ ಸಸಿ ಇಡಲು ಗುಣಿ ತೋಡಿಸುವವರು ಮಣ್ಣಿನ ರಾಶಿಯನ್ನು ತುಂಬುವ ಮೊದಲು ಒಮ್ಮೆ ಕೈಯಾಡಿಸಿ. ಎರಡು ಮುಖದಲ್ಲೂ ಚಕ್ಕೆ ಎದ್ದ ಕಲ್ಲು ಕಂಡರೆ ತೊಳೆದು ಉಜ್ಜಬೇಡಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎಷ್ಟನೆಯ ಸಾಲಿನ ಎಷ್ಟನೆಯ ಗುಣಿ, ಎಷ್ಟು ಆಳ ಎಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಒಂದು ಚೀಲದಲ್ಲಿ ಕಟ್ಟಿಡಿ. ಊರಿನ ಮೇಷ್ಟ್ರಿಗೋ ತುಮಕೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತೋರಿಸಿ. ಈ ಮೂರು ತಾಲ್ಲೂಕಿನ ಯಾವ ಪಂಚಾಯಿತಿ ಮೊದಲು ಇಂಥ ವಹಿ ತೆರೆಯುತ್ತದೋ ಅಲ್ಲಿಗೆ ಬಂದು ಗ್ರಾಮ ನಕ್ಷೆಯ ಮೇಲೆ ಗುರುತು ಹಾಕಿಕೊಡಲು ನಾನು ಸಿದ್ಧ. ಹಳೆ ಟಿಪ್ಪಣಿ ಓದಬಲ್ಲ, ಬಾಂದುಕಲ್ಲು ಹುಡುಕಬಲ್ಲ ನಿವೃತ್ತ ಸರ್ವೆಯರುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರನ್ನೂ ಕರೆಯಿರಿ. ಸರಪಳಿ ಹಿಡಿಯಲು ಊರಿನ ಇಬ್ಬರು ಹುಡುಗರನ್ನು ಕೊಟ್ಟರೆ ಸಾಕು.